ಲಿಬರಲ್ ಆರ್ಟ್ಸ್ ಕಾಲೇಜು: ದುಡ್ಡಿದ್ದವರ ಮನೆಯ ಮಕ್ಕಳಿಗಷ್ಟೇ?

ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳನ್ನು ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜಿಗೆ (ಒಂದೇ ಪದವಿಯಲ್ಲಿ ಹಲವು ಶಾಖೆಗಳ ವಿಷಯ ಓದಿಸುವ ಕಾಲೇಜು) ಸೇರಿಸುವ ಬಗ್ಗೆ ಮುಂಬೈ, ಪುಣೆ, ಗೋವಾದ ಓದುಗರು ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಪದವಿ ತರಗತಿಯ ಅಧ್ಯಾಪಕರು ಮತ್ತು ಶಿಕ್ಷಣ ಸಾಲದ ಒಳಹೊರಗು ಬಲ್ಲ ಬ್ಯಾಂಕ್ ಅಧಿಕಾರಿಗಳು ಸೇರಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಮಗಳಿಗೆ ಹನ್ನೆರಡನೇ ಕಾಮರ್ಸ್‌ನಲ್ಲಿ ಶೇ 87 ಬಂದಿದೆ. ಪುಣೆಯ ಲಿಬರಲ್ ಆರ್ಟ್ಸ್ ಕಾಲೇಜಿಗೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ನಮ್ಮ ಭಾವನವರು ಮಾತ್ರ, "ಅದು ಕಾರಿನಲ್ಲಿ ಬಂದಿಳಿಯುವವರ ಕಾಲೇಜು, ಓದು ಕಡಿಮೆ, ಶೋಕಿ ಜಾಸ್ತಿ" ಎನ್ನುತ್ತಾರೆ. ನಿಜವೇ? (ಓದುಗಿ, ಡೊಂಬಿವಲಿ)

ಉತ್ತರ: ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನು ಮುಚ್ಚಿಡುವುದು ಬೇಡ. ಸಿಂಬಯಾಸಿಸ್ ವಿಶ್ವವಿದ್ಯಾಲಯದವರ ಲಿಬರಲ್ ಆರ್ಟ್ಸ್ ಶಾಲೆ ಪುಣೆಯಲ್ಲಿ ಶುರುವಾದದ್ದು 2011ರಲ್ಲಿ. ಪುಣೆ ಬಳಿಯ ಲವಳೆಯ ಫ್ಲೇಮ್ ಸಂಸ್ಥೆ ವಿಶ್ವವಿದ್ಯಾಲಯವಾದದ್ದು 2015ರಲ್ಲಿ. ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯ 2014ರದ್ದು. ಎಲ್ಲವೂ ಹೊಸವು. ಅಧ್ಯಾಪಕರ ಸಂಬಳ, ಗ್ರಂಥಾಲಯ, ಕಟ್ಟಡ ಎಲ್ಲವೂ ವಿದ್ಯಾರ್ಥಿಗಳ ಶುಲ್ಕದಿಂದ, ಇಲ್ಲವೇ ದಾನಿಗಳ ಹಣದಿಂದಲೇ ನಡೆಯಬೇಕು. ಒಂದು ಕೋಣೆಯಲ್ಲಿ 120 ಮಂದಿಯ ಬದಲು 30 ಮಂದಿಯನ್ನು ಕೂರಿಸಿದರೆ ಅದೇ ಮೇಷ್ಟರ ಸಂಬಳ ಪ್ರತಿ ತಲೆಗೆ ನಾಲ್ಕು ಪಟ್ಟು ಬೀಳುತ್ತದೆ. ಶುಲ್ಕ ವರ್ಷಕ್ಕೆ ಹಲವು ಲಕ್ಷ ಮುಟ್ಟಲು ಇದೊಂದು ದೊಡ್ಡ ಕಾರಣ. ಅಷ್ಟು ಕೊಡಬಲ್ಲ ಮನೆಗಳ ಮಕ್ಕಳೇ ಮೊದಲು ಬಂದು ಸೇರಿದರು. ಅವರ ಇಂಗ್ಲಿಷು, ಉಡುಪು, ವಾರಾಂತ್ಯದ ಓಡಾಟ ಕಾಲೇಜಿನ ಹೆಸರಿಗೇ ಅಂಟಿಕೊಂಡಿತು. ಪ್ರವೇಶ ಕೊಡುವ ಬಗೆಯೂ ಅದಕ್ಕೆ ಒತ್ತಾಸೆಯಾಯಿತು. ಬರೀ ಅಂಕ ನೋಡದೆ ಪ್ರವೇಶ ಪರೀಕ್ಷೆ, ಪ್ರಬಂಧ, ಸಂದರ್ಶನ ಇಡುವುದು ಒಳ್ಳೆಯ ಕ್ರಮವೇ. ಆದರೆ ಪ್ರಬಂಧ ಬರೆಯುವುದನ್ನು, ಅಪರಿಚಿತರ ಎದುರು ಕೂತು ಮಾತಾಡುವುದನ್ನು ಎಂಟನೇ ತರಗತಿಯಿಂದಲೇ ಕಲಿಸುವ ಶಾಲೆಗಳು ಯಾರ ಮಕ್ಕಳಿಗೆ ಸಿಗುತ್ತವೆ ಎಂಬುದು ನಿಮಗೂ ಗೊತ್ತು. ಪಂಕ್ತಿಭೇದ ಬಾಗಿಲಲ್ಲೇ ಶುರುವಾಗುತ್ತದೆ.

"ಓದು ಕಡಿಮೆ" ಎಂಬುದು ಮಾತ್ರ ತಪ್ಪು. ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್ (ಓದಿನ ಹೊರೆಯನ್ನು ಅಳೆಯುವ ಲೆಕ್ಕ) ಬೇಕು. ವರ್ಷದ ಕೊನೆಗೆ ಗೈಡ್ ಹಿಡಿದು ಪಾಸಾಗುವ ದಾರಿ ಇಲ್ಲಿಲ್ಲ. ಪ್ರತಿ ವಿಷಯಕ್ಕೂ ವಾರವಾರ ಓದಿಕೊಂಡು ಬರಬೇಕು, ಚಿಕ್ಕ ಟಿಪ್ಪಣಿ ಬರೆಯಬೇಕು, ತರಗತಿಯಲ್ಲಿ ಮಾತಾಡಬೇಕು, ಸೆಮಿಸ್ಟರ್ ಕೊನೆಗೆ ಉದ್ದನೆಯ ಪ್ರಬಂಧ ಕೊಡಬೇಕು. ಅಂಕಗಳು ಹೀಗೆ ಹತ್ತಾರು ಕಡೆ ಹಂಚಿಹೋಗಿರುತ್ತವೆ. ಶೋಕಿಗೆ ಬಂದವರು ಅಕ್ಟೋಬರ್ ಹೊತ್ತಿಗೆ ಬಾಕಿ ಕೆಲಸದಲ್ಲಿ ಮುಳುಗಿರುತ್ತಾರೆ. ಇನ್ನು "ಆರ್ಟ್ಸ್" ಎಂದಾಕ್ಷಣ ಗಣಿತ ಇಲ್ಲ ಎಂದುಕೊಳ್ಳಬೇಡಿ. ಅರ್ಥಶಾಸ್ತ್ರ, ಮನಶ್ಶಾಸ್ತ್ರವನ್ನು ಮೇಜರ್ (ಮುಖ್ಯ ವಿಷಯ) ಆಗಿ ತೆಗೆದುಕೊಂಡವರಿಗೆ ಸಂಖ್ಯಾಶಾಸ್ತ್ರ ತಪ್ಪುವುದಿಲ್ಲ. ಕಾಮರ್ಸ್ ಓದಿದ ನಿಮ್ಮ ಮಗಳು ಹನ್ನೆರಡರಲ್ಲಿ ಗಣಿತ ಬಿಟ್ಟಿದ್ದರೆ, ಯಾವ ಮೇಜರ್‌ಗೆ ಅದು ಅಡ್ಡ ಬರುತ್ತದೆ ಎಂದು ಅರ್ಜಿ ಹಾಕುವ ಮೊದಲೇ ಕೇಳಿ. ಮೊದಲ ವರ್ಷ ಎಲ್ಲವನ್ನೂ ರುಚಿ ನೋಡಿ ಎರಡನೇ ವರ್ಷ ಅರ್ಥಶಾಸ್ತ್ರ ಹಿಡಿಯೋಣ ಎಂದುಕೊಂಡವರು ಎಡವುವುದು ಇಲ್ಲೇ.

ಖಾಸಗಿ ಕಲಾ ಕಾಲೇಜು ಪುಣೆಗೆ ಹೊಸತಲ್ಲ ಎಂಬುದನ್ನೂ ನೆನಪಿಡಬೇಕು. ಡೆಕ್ಕನ್ ಎಜುಕೇಶನ್ ಸೊಸೈಟಿಯವರು 1885ರಲ್ಲಿ ಕಟ್ಟಿದ ಫರ್ಗ್ಯುಸನ್ ಕೂಡ ಖಾಸಗಿಯೇ. ಅಲ್ಲಿ ಗೋಪಾಲಕೃಷ್ಣ ಗೋಖಲೆ ತಿಂಗಳಿಗೆ 75 ರೂಪಾಯಿ ಸಂಬಳಕ್ಕೆ 20 ವರ್ಷ ದುಡಿಯುವ ವಚನ ಕೊಟ್ಟು ಪಾಠ ಹೇಳಿದರು. ಧಾರವಾಡದ ಬಡ ಮನೆಯಿಂದ ಹೋದ ಬೇಂದ್ರೆಯವರು ಬಿ.ಎ. ಮುಗಿಸಿದ್ದು ಅಲ್ಲೇ, 1918ರಲ್ಲಿ. ಆಗ ಖರ್ಚಿನ ಭಾರವನ್ನು ಮೇಷ್ಟ್ರುಗಳು ಹೊತ್ತರು, ಆಮೇಲೆ ಸರ್ಕಾರದ ಅನುದಾನ ಹೊತ್ತಿತು, ಹೊಸ ಕಾಲೇಜುಗಳಲ್ಲಿ ತಂದೆತಾಯಿ ಹೊರುತ್ತಿದ್ದಾರೆ. ಯಾವುದೇ ಕಾಲೇಜು ಸಿರಿವಂತರದ್ದೋ ಅಲ್ಲವೋ ತಿಳಿಯಲು ಅಲ್ಲಿನ ಭಾರ ಯಾರ ಹೆಗಲ ಮೇಲಿದೆ ಎಂದು ನೋಡಿದರೆ ಸಾಕು. ಶುಲ್ಕ ವಿನಾಯಿತಿ ಪಡೆಯುವವರು ನೂರಕ್ಕೆ ಎಷ್ಟು ಮಂದಿ, ಅದರಲ್ಲಿ ಅಂಕಕ್ಕೆ ಕೊಡುವುದೆಷ್ಟು, ಮನೆಯ ಆದಾಯ ನೋಡಿ ಕೊಡುವುದೆಷ್ಟು ಎಂದು ಕೇಳಿ. ಅಂಕಕ್ಕೆ ಮಾತ್ರ ಕೊಡುವ ಕಡೆ ಆ ಹಣ ಹೆಚ್ಚಾಗಿ ಚೆನ್ನಾಗಿ ಓದಿಸಬಲ್ಲ ಮನೆಗಳಿಗೇ ವಾಪಸು ಹೋಗುತ್ತದೆ.

ಕಾಲೇಜು ನೋಡಲು "ಓಪನ್ ಡೇ" ದಿನ ಹೋಗಬೇಡಿ. ಅಂದು ಬಲೂನು, ಬ್ಯಾನರು, ನಗುಮುಖದ ಸ್ವಯಂಸೇವಕರಷ್ಟೇ ಕಾಣುತ್ತಾರೆ. ಆಗಸ್ಟ್‌ನಲ್ಲೋ ಫೆಬ್ರುವರಿಯಲ್ಲೋ ಪಾಠ ನಡೆಯುವ ಒಂದು ದಿನ, ಮುಂಚಿತವಾಗಿ ಪತ್ರ ಬರೆದು, ಮೊದಲ ವರ್ಷದ ಒಂದು ತರಗತಿಯಲ್ಲಿ ಮಗಳನ್ನು ಕೂರಿಸಲು ಅನುಮತಿ ಕೇಳಿ. ಅಧ್ಯಾಪಕರ ಪಟ್ಟಿ ತೆಗೆದು, ಪೂರ್ಣಾವಧಿಯವರು ಎಷ್ಟು, ಗಂಟೆ ಲೆಕ್ಕದಲ್ಲಿ ಬಂದು ಹೋಗುವವರು ಎಷ್ಟು ಎಂದು ಎಣಿಸಿ. ಪುಸ್ತಿಕೆಯಲ್ಲಿ ಅಚ್ಚಾದ ಕೋರ್ಸುಗಳ ಪಟ್ಟಿಗೂ ಕಳೆದ ಎರಡು ಸೆಮಿಸ್ಟರ್‌ಗಳಲ್ಲಿ ನಿಜಕ್ಕೂ ನಡೆದ ಕೋರ್ಸುಗಳಿಗೂ ಬಹಳ ಅಂತರ ಇರುವುದುಂಟು. ಆ ಎರಡು ಸೆಮಿಸ್ಟರ್‌ನ ವೇಳಾಪಟ್ಟಿಯನ್ನೇ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ ಎಂದುಕೊಳ್ಳಿ.

ಪ್ರಶ್ನೆ: ಸರ್, ನಮ್ಮದು ಮೂಲ ವಿಜಯಪುರ. ಭೋಸರಿ ಎಂಐಡಿಸಿಯೊಳಗ ಕೆಲಸ, ವರ್ಷದ ಆದಾಯ 7 ಲಕ್ಷ. ಮಗನಿಗೆ ಲಿಬರಲ್ ಆರ್ಟ್ಸ್ ಸೀಟು ಸಿಕ್ಕೈತಿ, ಫೀದಾಗ ಅರ್ಧ ಸ್ಕಾಲರ್‌ಶಿಪ್ ಕೊಡ್ತೀವಿ ಅಂದಾರ. ಉಳಿದದ್ದಕ್ಕ ಸಾಲ ಮಾಡಬೇಕೋ ಬ್ಯಾಡೋ? (ಓದುಗರು, ಚಿಂಚ್ವಡ್)

ಉತ್ತರ: ಮೊದಲು ಆ "ಅರ್ಧ" ಯಾವುದರ ಅರ್ಧ ಎಂದು ಬರಹದಲ್ಲಿ ತೆಗೆದುಕೊಳ್ಳಿ, ಯಜಮಾನರೇ. ಲೆಕ್ಕಕ್ಕೆಂದು ಮೊದಲ ವರ್ಷದ ಬೋಧನಾ ಶುಲ್ಕ 8 ಲಕ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಶೇ 10ರಂತೆ ಏರಿದರೆ ನಾಲ್ಕು ವರ್ಷಕ್ಕೆ ಆಗುವುದು 32 ಲಕ್ಷ ಅಲ್ಲ, 37.13 ಲಕ್ಷ. ಪ್ರತಿ ವರ್ಷದ ಶುಲ್ಕದಲ್ಲಿ ಶೇ 50 ಬಿಟ್ಟರೆ ನೀವು ಕಟ್ಟುವುದು 18.56 ಲಕ್ಷ. ಹಾಗಲ್ಲದೆ, ವರ್ಷಕ್ಕೆ 4 ಲಕ್ಷ ಎಂದು ಮೊತ್ತವನ್ನೇ ಕಟ್ಟುಹಾಕಿದ್ದರೆ ನಿಮ್ಮ ಪಾಲು 21.13 ಲಕ್ಷಕ್ಕೆ ಹೋಗುತ್ತದೆ. ಪತ್ರದ ಒಂದು ಸಾಲಿನಲ್ಲಿ ಎರಡೂವರೆ ಲಕ್ಷದ ವ್ಯತ್ಯಾಸ.

ಎರಡನೆಯದು, ಮುಂದಿನ ವರ್ಷವೂ ಸ್ಕಾಲರ್‌ಶಿಪ್ ಮುಂದುವರಿಯಲು ಎಷ್ಟು ಸಿಜಿಪಿಎ (ಎಲ್ಲ ವಿಷಯಗಳ ಸರಾಸರಿ ಗ್ರೇಡ್) ಬೇಕು, ಅದನ್ನು ಸೆಮಿಸ್ಟರ್‌ಗೆ ನೋಡುತ್ತಾರೋ ವರ್ಷಕ್ಕೆ ನೋಡುತ್ತಾರೋ, ಒಮ್ಮೆ ತಪ್ಪಿದರೆ ಮತ್ತೆ ಸಿಗುತ್ತದೋ ಇಲ್ಲವೋ ಎಂಬುದು. ಮೊದಲ ಸೆಮಿಸ್ಟರ್‌ನಲ್ಲಿ ಹೊಸ ಬಗೆಯ ಓದಿಗೆ ಹೊಂದಿಕೊಳ್ಳುವಾಗ ಅಂಕ ಇಳಿಯುವುದು ಸಹಜ. ಆ ಇಳಿತಕ್ಕೇ ಸ್ಕಾಲರ್‌ಶಿಪ್ ಕಡಿದುಹಾಕುವ ಷರತ್ತಿದ್ದರೆ ಎರಡನೇ ವರ್ಷ ಪೂರ್ತಿ ಶುಲ್ಕ ಕಟ್ಟಲಾಗದೆ ಹುಡುಗ ನಡುನೀರಿನಲ್ಲಿ ಉಳಿಯುತ್ತಾನೆ. ಒಂದು ಸೆಮಿಸ್ಟರ್‌ನ ಎಚ್ಚರಿಕೆ ಅವಧಿಯನ್ನಾದರೂ ಕೇಳಿ ಬರೆಸಿಕೊಳ್ಳಿ. ಮೂರನೆಯದು, ಹಾಸ್ಟೆಲ್ ಕಡ್ಡಾಯವೋ ಎಂಬುದು. ಮನೆ ಚಿಂಚ್ವಡ್‌ನಲ್ಲೇ ಇದ್ದರೂ ಕೆಲವು ಕಡೆ ಒಳಗೇ ಉಳಿಯಬೇಕು, ಮತ್ತು ವಿನಾಯಿತಿ ಹಲವು ಕಡೆ ಬರೀ ಬೋಧನಾ ಶುಲ್ಕಕ್ಕೆ, ಹಾಸ್ಟೆಲ್‌ಗೂ ಮೆಸ್‌ಗೂ ಇಲ್ಲ.

ಕೊಟ್ಟ ವಿನಾಯಿತಿ ಸಾಲದಿದ್ದರೆ ಮರುಪರಿಶೀಲನೆ ಕೇಳಲು ಹಿಂಜರಿಯಬೇಡಿ. ಫಾರ್ಮ್ 16, ಎರಡು ವರ್ಷದ ಐಟಿ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಬಾಡಿಗೆ ಕರಾರು, ಊರಲ್ಲಿ ವಯಸ್ಸಾದವರ ಔಷಧದ ಖರ್ಚು, ಚಿಕ್ಕ ಮಕ್ಕಳ ಶಾಲೆ ಶುಲ್ಕದ ರಸೀದಿ ಎಲ್ಲ ಲಗತ್ತಿಸಿ, "ವರ್ಷಕ್ಕೆ ಇಷ್ಟು ಕಟ್ಟಬಲ್ಲೆವು, ಇಷ್ಟು ಕೊರತೆ ಬೀಳುತ್ತದೆ" ಎಂದು ಒಂದೇ ಪುಟದಲ್ಲಿ ಅಂಕಿ ಸಮೇತ ಬರೆಯಿರಿ. ಸೀಟು ಕಾಯ್ದಿರಿಸುವ ಹಣ ಕಟ್ಟುವ ಮೊದಲೇ ಇದನ್ನು ಮಾಡಬೇಕು. ಕಟ್ಟಿದ ಮೇಲೆ ನಿಮ್ಮ ಮಾತಿಗೆ ತೂಕ ಕಡಿಮೆ.

ಈಗ ಸಾಲ. ಬ್ಯಾಂಕುಗಳ ಸಾಮಾನ್ಯ ಪದ್ಧತಿಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ, ಅದರ ಮೇಲೆ ಅಡಮಾನ ಕೇಳುತ್ತಾರೆ. 4 ಲಕ್ಷ ದಾಟಿದರೆ ದೇಶದೊಳಗಿನ ಓದಿಗೆ ಶೇ 5 ನಿಮ್ಮ ಕೈಯಿಂದ ಹಾಕಬೇಕು. 2024ರ ನವೆಂಬರ್‌ನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನವಿಲ್ಲದೆ, ಜಾಮೀನಿಲ್ಲದೆ ಸಾಲ ಸಿಗುತ್ತದೆ. 8 ಲಕ್ಷದೊಳಗಿನ ಆದಾಯದ ಮನೆಗೆ 10 ಲಕ್ಷದವರೆಗಿನ ಸಾಲದ ಮೇಲೆ ಓದಿನ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿಯೂ ಇದೆ, ಆದರೆ ಫಲಾನುಭವಿಗಳ ಸಂಖ್ಯೆಗೆ ಮಿತಿ ಇದೆ. ಸಂಸ್ಥೆಗಳನ್ನು ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ ನೋಡಿ ಆರಿಸುವುದರಿಂದ ಹೆಸರಾಂತ ಖಾಸಗಿ ಕಾಲೇಜೂ ಪಟ್ಟಿಯ ಹೊರಗಿರಬಹುದು. ಯೋಜನೆಯ ಜಾಲತಾಣದಲ್ಲಿ ಹೆಸರು ಹುಡುಕಿಯೇ ಮುಂದುವರಿಯಿರಿ.

ಕಂತಿನ ಲೆಕ್ಕ ನೋಡಿ. ವರ್ಷದ ಆರಂಭಕ್ಕೆ 2.5 ಲಕ್ಷದಂತೆ ನಾಲ್ಕು ಸಲ, ಒಟ್ಟು 10 ಲಕ್ಷ ತೆಗೆದಿರಿ ಎನ್ನಿ. ಬಡ್ಡಿ ಶೇ 10. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲೇ ಐದನೇ ವರ್ಷದ ಕೊನೆಗೆ 3.5 ಲಕ್ಷ ಸೇರಿ ಸಾಲ 13.5 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,840 ರೂಪಾಯಿ. ಬಡ್ಡಿಯನ್ನು ಆಗಿಂದಾಗಲೇ ಕಟ್ಟಿದರೆ (ಮೊದಲ ವರ್ಷ ತಿಂಗಳಿಗೆ ಸುಮಾರು 2,083, ನಾಲ್ಕನೇ ವರ್ಷಕ್ಕೆ 8,333) ಕಂತು 13,215ಕ್ಕೆ ನಿಲ್ಲುತ್ತದೆ. ಬಿ.ಎ. ಮುಗಿಸಿದ ಹುಡುಗನ ಮೊದಲ ಸಂಬಳದ ಮೂರನೇ ಒಂದು ಭಾಗಕ್ಕಿಂತ ಕಂತು ಮೀರಬಾರದು ಎಂಬುದು ನಮ್ಮ ಸಲಹೆ. 17,840ಕ್ಕೆ ತಿಂಗಳ ಸಂಬಳ 53,000 ದಾಟಬೇಕು. ಅದು ಎಲ್ಲರಿಗೂ ಸಿಗುವ ಮೊತ್ತ ಅಲ್ಲ. ಆದ್ದರಿಂದ ನಿಮ್ಮ ಆದಾಯಕ್ಕೆ 10 ಲಕ್ಷವೇ ಸಾಲದ ಕೊನೆಯ ಮಿತಿ. ಸ್ಕಾಲರ್‌ಶಿಪ್ ಶೇಕಡಾ ಲೆಕ್ಕದಲ್ಲಿದ್ದು, ಷರತ್ತು ಸಡಿಲವಿದ್ದು, ಮಗ ಮನೆಯಿಂದಲೇ ಓಡಾಡಬಹುದಾದರೆ ಸೇರಿಸಿ. ಮೂರರಲ್ಲಿ ಎರಡು ಇಲ್ಲದಿದ್ದರೆ ಬೇಡ. ಊರಿನ ಹೊಲ ಅಡವಿಟ್ಟು ಓದಿಸುವಷ್ಟು ದೊಡ್ಡದು ಯಾವ ಬಿ.ಎ.ಯೂ ಅಲ್ಲ.

ಒಂದು ಎಚ್ಚರ. ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರ ಸರ್ಕಾರದ ಶುಲ್ಕ ರಿಯಾಯಿತಿಗೆ ನಡೆಯುವುದಿಲ್ಲ. ಪರಿಶಿಷ್ಟ ಜಾತಿಯವರಾದರೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡವಾದರೆ 6 ಸೆಪ್ಟೆಂಬರ್ 1950, ಒಬಿಸಿಯಾದರೆ 13 ಅಕ್ಟೋಬರ್ 1967ಕ್ಕೆ ಮೊದಲೇ ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿತ್ತು ಎಂಬ ದಾಖಲೆ ಬೇಕು. ಇದು ಗೊತ್ತಿಲ್ಲದೆ ರಿಯಾಯಿತಿ ಸಿಕ್ಕೇ ಸಿಗುತ್ತದೆಂದು ನಂಬಿ ಸೀಟು ಹಿಡಿದ ಮನೆಗಳು ಆಮೇಲೆ ಕಷ್ಟಕ್ಕೆ ಬೀಳುತ್ತವೆ.

ಪ್ರಶ್ನೆ: ಠಾಣೆಯ ಒಂದು ವಾಣಿಜ್ಯ ಕಟ್ಟಡದಲ್ಲಿ "ಲಿಬರಲ್ ಆರ್ಟ್ಸ್ ಸೆಂಟರ್" ತೆರೆದಿದ್ದಾರೆ. ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಪದವಿ, ಜೊತೆಗೆ ವಿದೇಶಿ ಸರ್ಟಿಫಿಕೇಟು ಎನ್ನುತ್ತಾರೆ. ನಂಬಬಹುದೇ? (ಓದುಗರು, ಠಾಣೆ)

ಉತ್ತರ: ಬೇಡ. ಒಂದು ರಾಜ್ಯದ ಶಾಸನದಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿ ದಾಟಿ ಇಂಥ ಅಧ್ಯಯನ ಕೇಂದ್ರ ನಡೆಸುವಂತಿಲ್ಲ. ಛತ್ತೀಸ್‌ಗಢದ ಖಾಸಗಿ ವಿಶ್ವವಿದ್ಯಾಲಯಗಳ ವಿರುದ್ಧ ಪ್ರೊ. ಯಶಪಾಲ್ ಹೂಡಿದ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಈ ಗಡಿಯ ಮಾತನ್ನು ಸ್ಪಷ್ಟಪಡಿಸಿದೆ. ಅಂಥ ಪದವಿ ಹಿಡಿದು ಎಂ.ಎ.ಗೆ ಹೋದರೆ, ಬ್ಯಾಂಕ್ ಪರೀಕ್ಷೆಗೆ ಕೂತರೆ, ದಾಖಲೆ ಪರಿಶೀಲನೆಯ ಹಂತದಲ್ಲಿ ಸಿಕ್ಕಿಬೀಳುತ್ತೀರಿ. ಸಂಸ್ಥೆಯ ಹೆಸರು ಮತ್ತು ಪಾಠ ನಡೆಯುವ ವಿಳಾಸ ಎರಡೂ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಜಾಲತಾಣದ ಪಟ್ಟಿಗೆ ಹೊಂದಬೇಕು. ಕೊಡುವುದು ಬಿ.ಎ. ಅಥವಾ ಬಿ.ಎಸ್ಸಿ. ಪದವಿಯೋ, ಬರೀ ಡಿಪ್ಲೊಮಾವೋ ಎಂದೂ ನೋಡಿ.

ಪ್ರಶ್ನೆ: ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷ್. ಪೂರ್ತಿ ಸ್ಕಾಲರ್‌ಶಿಪ್ ಮೇಲೆ ಲಿಬರಲ್ ಆರ್ಟ್ಸ್ ಸೇರುತ್ತಿದ್ದೇನೆ. ಅಲ್ಲಿಯ ಹುಡುಗರ ಇಂಗ್ಲಿಷು, ಖರ್ಚು ನೆನೆದರೆ ಹೆದರಿಕೆ. ಹೇಗೆ ಸಿದ್ಧವಾಗಲಿ? (ವಿದ್ಯಾರ್ಥಿನಿ, ಸೊಲ್ಲಾಪುರ ರಸ್ತೆ, ಪುಣೆ)

ಉತ್ತರ: ತಂಗಿ, ನಿನ್ನನ್ನು ಹೆದರಿಸುವುದು ಅವರ ಮಾತಿನ ಇಂಗ್ಲಿಷು. ಅಂಕ ಬರುವುದು ಮಾತ್ರ ಓದುವ, ಬರೆಯುವ ಇಂಗ್ಲಿಷಿನಿಂದ. ಎರಡನೆಯದನ್ನು ಎರಡು ತಿಂಗಳಲ್ಲಿ ಸಾಕಷ್ಟು ಹದಕ್ಕೆ ತರಬಹುದು.

ಇಪ್ಪತ್ತೈದು ಪುಟದ ಲೇಖನ ಕೊಟ್ಟಾಗ ಮೊದಲ ಸಾಲಿನಿಂದ ನಿಘಂಟು ಹಿಡಿದು ಹೊರಟರೆ ಹತ್ತನೇ ಪುಟಕ್ಕೆ ರಾತ್ರಿ ಕಳೆದಿರುತ್ತದೆ, ತಲೆಗೆ ಏನೂ ಹೋಗಿರುವುದಿಲ್ಲ. ಮೊದಲು ಶೀರ್ಷಿಕೆ, ಆರಂಭದ ಎರಡು ಪ್ಯಾರಾ, ಕೊನೆಯ ಎರಡು ಪ್ಯಾರಾ ಓದು. ಆಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯ ಮಾತ್ರ. ಇಷ್ಟಕ್ಕೆ ಅರ್ಧ ಗಂಟೆ. ಈಗ ಅರ್ಧ ಹಾಳೆಯಲ್ಲಿ ಕನ್ನಡದಲ್ಲೇ ಮೂರು ಸಾಲು ಬರೆ: ಲೇಖಕರು ಏನು ಹೇಳುತ್ತಿದ್ದಾರೆ, ಯಾರ ಮಾತನ್ನು ಒಪ್ಪುತ್ತಿಲ್ಲ, ಅದಕ್ಕೆ ಯಾವ ಆಧಾರ ಕೊಡುತ್ತಾರೆ. ಅದು ಕೈಯಲ್ಲಿದ್ದಾಗ ಪೂರ್ತಿ ಓದಿದರೆ ಕಷ್ಟದ ಪ್ಯಾರಾವೂ ಎಲ್ಲಿಗೆ ಹೊರಟಿದೆ ಎಂದು ಗೊತ್ತಾಗುತ್ತದೆ. ಒಂದು ಪದ ಮೂರನೇ ಸಲ ಎದುರಾದರೆ ಆಗ ನಿಘಂಟು ತೆಗೆ. ಮೇ, ಜೂನ್ ತಿಂಗಳಲ್ಲಿ ವಾರಕ್ಕೆ ಇಂಥ ಎರಡು ಲೇಖನ ಓದಿ, ಪ್ರತಿಯೊಂದಕ್ಕೂ 300 ಪದದ ಇಂಗ್ಲಿಷ್ ಸಾರಾಂಶ ಬರೆದರೆ ಜುಲೈಗೆ ಕೈ ಪಳಗಿರುತ್ತದೆ.

ಮಾಧ್ಯಮ ಬದಲಾಯಿಸಿ ಬಂದ ಮಕ್ಕಳು ಸಿಕ್ಕಿಬೀಳುವ ಒಂದು ಜಾಗ ಇದೆ, ಅದನ್ನು ಮೊದಲೇ ತಿಳಿದಿರು. ನಮ್ಮ ಶಾಲೆಗಳಲ್ಲಿ ಪಠ್ಯದ ವಾಕ್ಯವನ್ನು ಹಾಗೇ ಬರೆದರೆ ಹತ್ತಕ್ಕೆ ಹತ್ತು. ಇಲ್ಲಿ ಅದು ಕೃತಿಚೌರ್ಯ. ಎರಡು ಪದ ಬದಲಾಯಿಸಿದರೂ ಟರ್ನಿಟಿನ್‌ನಂಥ ತಂತ್ರಾಂಶ ಹಿಡಿದು ತೋರಿಸುತ್ತದೆ, ಶೂನ್ಯ ಬೀಳಬಹುದು, ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾಗಬಹುದು. ಓದಿದ ಮೇಲೆ ಪುಸ್ತಕ ಮುಚ್ಚಿಡು. ಅದರಲ್ಲಿದ್ದ ಮಾತನ್ನು ತಂಗಿಗೆ ಹೇಳುವಂತೆ ಕನ್ನಡದಲ್ಲಿ ಬರೆ. ಆ ಕನ್ನಡವನ್ನು ನೋಡಿಕೊಂಡು ನಿನ್ನ ಇಂಗ್ಲಿಷಿನಲ್ಲಿ ಬರೆ. ಕೊನೆಗೆ ಪುಸ್ತಕ ತೆರೆದು ಲೇಖಕರ ಹೆಸರು, ವರ್ಷ, ಪುಟ ಸೇರಿಸು. ಲೇಖಕರ ಮಾತೇ ಬೇಕಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡು. ವಾಕ್ಯ ಸ್ವಲ್ಪ ಒರಟಾದರೂ ಪರವಾಗಿಲ್ಲ. ರೈಟಿಂಗ್ ಸೆಂಟರ್ (ಬರವಣಿಗೆ ತಿದ್ದಲು ನೆರವಾಗುವ ವಿಭಾಗ) ಇದ್ದರೆ ಮೊದಲ ಕರಡನ್ನೇ ಅಲ್ಲಿಗೆ ಒಯ್ಯು. ಮುಜುಗರಪಟ್ಟು ಕೊನೆಯ ದಿನದವರೆಗೆ ಯಾರಿಗೂ ತೋರಿಸದೆ ಇಡುವುದರಿಂದಲೇ ಅಂಕ ಹೋಗುತ್ತದೆ.

ತರಗತಿಯಲ್ಲಿ ಮಾತಾಡಲೇಬೇಕು, ಭಾಗವಹಿಸಿದ್ದಕ್ಕೂ ಅಂಕ ಇರುತ್ತದೆ. ಮನೆಯಿಂದಲೇ ಒಂದು ಪ್ರಶ್ನೆ ಬರೆದುಕೊಂಡು ಹೋಗಿ ಮೊದಲ ಹದಿನೈದು ನಿಮಿಷದಲ್ಲೇ ಕೇಳಿಬಿಡು. ಆಮೇಲೆ ಚರ್ಚೆ ಎಲ್ಲೆಲ್ಲಿಗೋ ಹೋಗಿ ನಿನ್ನ ಪ್ರಶ್ನೆಗೆ ಜಾಗ ಉಳಿಯುವುದಿಲ್ಲ. ಜಾತಿ, ನೀರು, ವಲಸೆ, ಭಾಷೆಯ ವಿಷಯ ಬಂದಾಗ ನಿನ್ನ ಮನೆಯಲ್ಲಿ, ಓಣಿಯಲ್ಲಿ ಕಂಡದ್ದು ಆ ಕೋಣೆಯ ಹಲವರಿಗೆ ಪುಸ್ತಕದಲ್ಲಷ್ಟೇ ಗೊತ್ತು ಎಂಬುದನ್ನು ಮರೆಯಬೇಡ.

ಖರ್ಚಿನ ಮಾತು. ತಿಂಗಳ ಕೈಖರ್ಚು ಇಷ್ಟೇ ಎಂದು ಮೊದಲೇ ಗೆರೆ ಎಳೆ. ಹೊರಗೆ ಊಟಕ್ಕೆ ಕರೆದಾಗ "ಈ ತಿಂಗಳ ನನ್ನ ದುಡ್ಡು ಮುಗಿಯಿತು" ಎಂದು ನೇರವಾಗಿ ಹೇಳು. ಸುಳ್ಳು ನೆಪ ಹೇಳುತ್ತಾ ಹೋದರೆ ನಾಲ್ಕು ತಿಂಗಳಲ್ಲಿ ಒಬ್ಬಂಟಿಯಾಗುತ್ತೀ. ಪಠ್ಯಪುಸ್ತಕ ಕೊಳ್ಳಬೇಡ, ಗ್ರಂಥಾಲಯದ ಪ್ರತಿ ಸಾಕು. ಅಧ್ಯಯನ ಪ್ರವಾಸಕ್ಕೆ ಬೇರೆ ಹಣ ಕೇಳಿದರೆ ಸ್ಕಾಲರ್‌ಶಿಪ್‌ನವರಿಗೆ ವಿನಾಯಿತಿ ಇದೆಯೇ ಎಂದು ವಿದ್ಯಾರ್ಥಿ ಕಲ್ಯಾಣ ಕಚೇರಿಯಲ್ಲಿ ವಿಚಾರಿಸು. ಸಿಗುವುದುಂಟು, ಕೇಳಿದವರಿಗೆ ಮಾತ್ರ.

ಪ್ರಶ್ನೆ: ವಾಸ್ಕೋದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಮಗನಿಗೆ ಇತಿಹಾಸ, ಅರ್ಥಶಾಸ್ತ್ರ, ಕಂಪ್ಯೂಟರ್ ಮೂರೂ ಓದುವಾಸೆ. ಲಕ್ಷಗಟ್ಟಲೆ ಕೊಡಲು ನಮ್ಮಿಂದಾಗದು. ಬೇರೆ ದಾರಿ? (ಓದುಗರು, ವಾಸ್ಕೋ)

ಉತ್ತರ: ಇದೆ, ಅದೂ ನಿಮ್ಮ ಹತ್ತಿರದಲ್ಲೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಸಾಮಾನ್ಯ ಬಿ.ಎ.ಯ ಎಲುಬುಗೂಡೂ ಹೆಚ್ಚುಕಡಿಮೆ ಇದೇ ಆಗಿದೆ: ಒಂದು ಮೇಜರ್, ಒಂದು ಮೈನರ್ (ಉಪವಿಷಯ), ಬೇರೆ ಶಾಖೆಯಿಂದ ಆರಿಸುವ ಕೋರ್ಸುಗಳು, ಮೂರು ವರ್ಷಕ್ಕೆ 120 ಕ್ರೆಡಿಟ್, ಬೇಕಿದ್ದರೆ ನಾಲ್ಕನೇ ವರ್ಷ. ಮಡಗಾಂವ್‌ನ ಪಾರ್ವತಿಬಾಯಿ ಚೌಗುಲೆ ಸ್ವಾಯತ್ತ ಕಾಲೇಜು, ಪಣಜಿ ಮೀರಾಮಾರ್‌ನ ಧೆಂಪೆ ಕಾಲೇಜು ಎರಡನ್ನೂ ನೋಡಿ. ಮುಂಬೈಗೆ ಕಳಿಸುವುದಾದರೆ 1869ರ ಸೇಂಟ್ ಝೇವಿಯರ್ಸ್, ಮಾಟುಂಗಾದ ರೂಯಿಯಾ ಇವೆ. ಅರ್ಜಿಯಲ್ಲಿ ಏಡೆಡ್ (ಸರ್ಕಾರದ ಅನುದಾನವಿರುವ) ವಿಭಾಗ ಎಂದೇ ಗುರುತು ಹಾಕಿ. ಅದೇ ಕಾಲೇಜಿನ ಅನ್‌ಏಡೆಡ್ ಕೋರ್ಸಿನ ಶುಲ್ಕ ಹಲವು ಪಟ್ಟು ಇರುತ್ತದೆ.

ಎಡವಟ್ಟಾಗುವುದು ಎಲ್ಲೆಂದರೆ, ಕಾಗದದ ಮೇಲಿನ ಆಯ್ಕೆ ತರಗತಿಯಲ್ಲಿ ಇರುವುದಿಲ್ಲ. ಮೇಷ್ಟರಿಲ್ಲ, ವೇಳೆ ಹೊಂದುತ್ತಿಲ್ಲ ಎಂದು ಹುಡುಗನಿಗೆ ಬೇಡದ ಮೈನರ್ ಕಟ್ಟಿಬಿಡುತ್ತಾರೆ. ಇತಿಹಾಸ ಮೇಜರ್ ಜೊತೆ ಕಂಪ್ಯೂಟರ್ ಮೈನರ್ ಈ ವರ್ಷ ನಿಜಕ್ಕೂ ನಡೆಯುತ್ತದೆಯೇ ಎಂದು ವಿಭಾಗದ ಮುಖ್ಯಸ್ಥರನ್ನೇ ಕೇಳಿ. ನಡೆಯದಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ "ಸ್ವಯಂ" ಜಾಲತಾಣದ ಕೋರ್ಸು ಇದೆ. ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸುಗಳನ್ನು ಅಲ್ಲಿಂದ ತರಲು ಯುಜಿಸಿ ನಿಯಮ ಅವಕಾಶ ಕೊಟ್ಟಿದೆ. ಆದರೆ ಕಾಲೇಜು ಒಪ್ಪಿದ ಪತ್ರ ಮೊದಲು ಕೈಗೆ ಬರಬೇಕು, ಆಮೇಲೆ ನೋಂದಣಿ. ಡಿಜಿಲಾಕರ್ ಮೂಲಕ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ (ಗಳಿಸಿದ ಕ್ರೆಡಿಟ್‌ಗಳು ಜಮೆಯಾಗುವ ಆನ್‌ಲೈನ್ ಖಾತೆ) ಗುರುತಿನ ಸಂಖ್ಯೆಯನ್ನು ಮೊದಲ ತಿಂಗಳೇ ಮಾಡಿಸಿ. ಗೋವಾ ಶಿಕ್ಷಣ ಅಭಿವೃದ್ಧಿ ನಿಗಮದ ಬಡ್ಡಿರಹಿತ ಸಾಲದ ಬಗ್ಗೆಯೂ ವಿಚಾರಿಸಿ. ಗೋವಾದಲ್ಲಿ ಇಷ್ಟು ವರ್ಷ ವಾಸವಿದ್ದೀರಿ ಎಂಬ ಪ್ರಮಾಣಪತ್ರ ಕೇಳುತ್ತಾರೆ, ಮಾಮಲೇದಾರ್ (ತಹಶೀಲ್ದಾರ್) ಕಚೇರಿಯ ಓಡಾಟವನ್ನು ಏಪ್ರಿಲ್‌ನಲ್ಲೇ ಶುರು ಮಾಡಿ.

ಪ್ರಶ್ನೆ: ಮಗಳು ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿಗೆ ಅರ್ಜಿ ಹಾಕುತ್ತಾಳಂತೆ. ಹೆಸರು ಹೇಳಿದರೆ ನಮ್ಮ ಬಳಗದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕೆಳದರ್ಜೆಯ ಕಾಲೇಜೇ? (ಓದುಗರು, ಅಂಧೇರಿ)

ಉತ್ತರ: ಬಳಗಕ್ಕೆ ಗೊತ್ತಿರುವುದು ಇಂಜಿನಿಯರಿಂಗ್ ಎಂ.ಎಸ್.ಗೆ ಹೋಗುವ ದೊಡ್ಡ ವಿಶ್ವವಿದ್ಯಾಲಯಗಳ ಹೆಸರು. ವಿಲಿಯಮ್ಸ್ (1793), ಆಮರ್ಸ್ಟ್ (1821), ಸ್ವಾರ್ತ್‌ಮೋರ್ (1864), ಪೊಮೋನಾ (1887) ಬಹುಮಟ್ಟಿಗೆ ಪದವಿ ತರಗತಿಗಳನ್ನೇ ನಡೆಸುವ ಸಣ್ಣ ಕಾಲೇಜುಗಳು. ಇಡೀ ಕಾಲೇಜಿಗೆ ಒಂದೂವರೆ, ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳು. ಪಿಎಚ್.ಡಿ. ವಿಭಾಗ ಇಲ್ಲದಿರುವುದರಿಂದ ಜಾಗತಿಕ ಶ್ರೇಯಾಂಕಗಳಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ, ಅಮೆರಿಕದ ಪಟ್ಟಿಗಳೂ ಇವನ್ನು ಬೇರೆಯಾಗಿಯೇ ಎಣಿಸುತ್ತವೆ. ಪ್ರವೇಶ ಮಾತ್ರ ಬಹಳ ಕಠಿಣ.

ಸಿರಿವಂತರ ಕಾಲೇಜು ಎಂಬ ಆರೋಪ ಅಲ್ಲೂ ಹಳೆಯದೇ. ಆದರೂ ಅವುಗಳಲ್ಲಿ ಕೆಲವು, ಪ್ರವೇಶ ಕೊಟ್ಟ ವಿದ್ಯಾರ್ಥಿಯ ಮನೆಯ ಶಕ್ತಿ ಮತ್ತು ಒಟ್ಟು ಖರ್ಚಿನ ನಡುವಿನ ಕೊರತೆಯನ್ನು ಪೂರ್ತಿ ತುಂಬುತ್ತವೆ. ಆಮರ್ಸ್ಟ್ ಮತ್ತು ಅಂಥದೇ ಇನ್ನೊಂದು ಕಾಲೇಜಾದ ಬೋಡನ್, ವಿದೇಶಿ ವಿದ್ಯಾರ್ಥಿ ಹಣ ಕೇಳಿದ್ದಾರೋ ಇಲ್ಲವೋ ಎಂಬುದನ್ನು ಪ್ರವೇಶ ತೀರ್ಮಾನಿಸುವಾಗ ನೋಡುವುದಿಲ್ಲ. ಹೆಚ್ಚಿನ ಕಾಲೇಜುಗಳು ನೋಡುತ್ತವೆ. ಸಹಾಯಕ್ಕೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ತುಂಬಬೇಕು, ನಿಮ್ಮ ಐಟಿ ರಿಟರ್ನ್, ಮನೆಯ ಬೆಲೆ, ಉಳಿತಾಯ ಎಲ್ಲ ಅದರಲ್ಲಿ ಬರಬೇಕು. ಮೊದಲ ಅರ್ಜಿಯಲ್ಲಿ ಸಹಾಯ ಬೇಡ ಎಂದು ಬರೆದು ಸೇರಿಬಿಟ್ಟರೆ ಮುಂದಿನ ವರ್ಷಗಳಲ್ಲಿ ಕೇಳಲು ಹಲವು ಕಡೆ ವಿದೇಶಿಯರಿಗೆ ಅವಕಾಶವೇ ಇಲ್ಲ. ಈ ತಪ್ಪನ್ನು ಮಾಡಲೇಬೇಡಿ. ನವೆಂಬರ್‌ನ "ಅರ್ಲಿ ಡಿಸಿಷನ್" ಅರ್ಜಿ ಹಾಕಿದರೆ ಸೀಟು ಸಿಕ್ಕ ಮೇಲೆ ಸೇರಲೇಬೇಕೆಂಬ ಕಟ್ಟುಪಾಡು. ಕೊಟ್ಟ ಸಹಾಯ ಸಾಲದಿದ್ದರೆ ಮಾತ್ರ ಬಿಡುಗಡೆ. ಹತ್ತು ಕಡೆಯ ಸಹಾಯವನ್ನು ಹೋಲಿಸಿ ನೋಡಬೇಕೆಂದಿದ್ದರೆ ಜನವರಿಯ ಸಾಮಾನ್ಯ ಗಡುವಿಗೆ ಹಾಕಲಿ.

ಪ್ರಶ್ನೆ: ಇಂಥ ಕಾಲೇಜಿನ ಹೆಸರಿದ್ದರೆ ಕೆಲಸ ಬೇಗ ಸಿಗುವುದೇ? ಸರಾಸರಿ ಪ್ಯಾಕೇಜು ನೋಡಿ ಸೇರಿಸಬಹುದೇ? (ಓದುಗಿ, ಕೋಥರೂಡ್)

ಉತ್ತರ: ಹತ್ತು ಮಂದಿಯಲ್ಲಿ ಒಬ್ಬರಿಗೆ 30 ಲಕ್ಷ, ಒಂಬತ್ತು ಮಂದಿಗೆ 5 ಲಕ್ಷದಂತೆ ಸಿಕ್ಕರೆ ಸರಾಸರಿ 7.5 ಲಕ್ಷ. ಆ ಮೊತ್ತ ಹತ್ತರಲ್ಲಿ ಒಬ್ಬರಿಗೂ ಸಿಕ್ಕಿಲ್ಲ. ನಡುವಿನ ಅಂಕಿ, ಅಂದರೆ ಮೀಡಿಯನ್ ಎಷ್ಟು ಎಂದು ಕೇಳಿ. ತೇರ್ಗಡೆಯಾದವರು ಎಷ್ಟು, ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟವರು ಎಷ್ಟು, ಮುಂದೆ ಓದಲು ಹೋದವರು ಎಷ್ಟು, ಮನೆಯ ವ್ಯಾಪಾರಕ್ಕೆ ಮರಳಿದವರು ಎಷ್ಟು ಎಂದೂ ಕೇಳಿ. ಈ ಕಾಲೇಜುಗಳಲ್ಲಿ ಕೊನೆಯ ಎರಡು ಗುಂಪು ದೊಡ್ಡದಿರುವುದುಂಟು, ಅವರನ್ನು ಬಿಟ್ಟು ಶೇಕಡಾ ಹಾಕಿದರೆ ಅಂಕಿ ಬಲು ಚೆಂದ ಕಾಣುತ್ತದೆ. ಹೆಸರಿಗಿಂತ ಹೆಚ್ಚು ನೆರವಾಗುವುದು ಎರಡು ಬೇಸಿಗೆಯ ಇಂಟರ್ನ್‌ಶಿಪ್. ಪರಿಚಯವಿದ್ದವರ ಮಕ್ಕಳಿಗೆ ಅದು ಒಂದು ಫೋನ್ ಕರೆಯಲ್ಲಿ ಸಿಗುತ್ತದೆ, ಉಳಿದವರಿಗೆ ಕಾಲೇಜೇ ಹುಡುಕಿಕೊಡುತ್ತದೆಯೇ ಎಂದು ಕೇಳಬೇಕು. ಯುಪಿಎಸ್‌ಸಿ, ಐಬಿಪಿಎಸ್, ಮೂರು ವರ್ಷದ ಎಲ್‌ಎಲ್‌ಬಿಗೆ ಮಾನ್ಯತೆ ಇರುವ ಯಾವ ಪದವಿಯೂ ಆದೀತು. ಎಂ.ಎ. ಅರ್ಥಶಾಸ್ತ್ರಕ್ಕೆ, ಬಿ.ಎಡ್.ಗೆ ಮಾತ್ರ ಅಂಕಪಟ್ಟಿಯಲ್ಲಿ ಆ ವಿಷಯದ ಹೆಸರು, ಕ್ರೆಡಿಟ್ಟು ಸ್ಪಷ್ಟವಾಗಿರಬೇಕು. ಬರೀ "ಲಿಬರಲ್ ಆರ್ಟ್ಸ್" ಎಂದಿದ್ದರೆ ತಕರಾರು ಬರಬಹುದು.

ಪ್ರಶ್ನೆ: ಸೀಟು ಕಾಯ್ದಿರಿಸಲು ಹಣ ಕಟ್ಟಿದ್ದೇವೆ. ಈಗ ಬೇರೆ ಕಡೆ ಏಡೆಡ್ ಸೀಟು ಸಿಕ್ಕಿದೆ. ಕಟ್ಟಿದ್ದು ವಾಪಸು ಬರುವುದೇ? (ಓದುಗರು, ಮೀರಾ ರೋಡ್)

ಉತ್ತರ: ಯುಜಿಸಿಯ 2018ರ ಆದೇಶದಂತೆ ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲು ಸೀಟು ಬಿಟ್ಟರೆ ಶೇ 100, ಆ 15 ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನಾಂಕ ಕಳೆದು 15 ದಿನದವರೆಗೆ ಶೇ 80, 30 ದಿನದವರೆಗೆ ಶೇ 50 ವಾಪಸು. ಅದಾದ ಮೇಲೆ ಏನೂ ಇಲ್ಲ. ಪೂರ್ತಿ ವಾಪಸು ಮಾಡುವಾಗ ಸಂಸ್ಕರಣಾ ಶುಲ್ಕ ಎಂದು ಶೇ 5ಕ್ಕಿಂತ, ಹೆಚ್ಚೆಂದರೆ 5,000 ರೂಪಾಯಿಗಿಂತ ಜಾಸ್ತಿ ಮುರಿಯುವಂತಿಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಗಡುವು ಹೊರಡಿಸಿದೆ, ಈ ವರ್ಷದ ಸುತ್ತೋಲೆ ನೋಡಿಕೊಳ್ಳಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಇಂದೇ ಇಮೇಲ್ ಕಳಿಸಿ, ರಸೀದಿ ಸಂಖ್ಯೆ, ರದ್ದಾದ ಚೆಕ್ಕಿನ ಚಿತ್ರ ಲಗತ್ತಿಸಿ, ದಿನಾಂಕ ಇರುವ ಸ್ವೀಕೃತಿ ಪಡೆಯಿರಿ. ಮೂಲ ಅಂಕಪಟ್ಟಿಯನ್ನು ತಡೆಹಿಡಿಯುವ ಅಧಿಕಾರ ಕಾಲೇಜಿಗಿಲ್ಲ. ಹಣವೂ ದಾಖಲೆಯೂ ಬಾರದಿದ್ದರೆ ಮೊದಲು ಸಂಸ್ಥೆಯ ಕುಂದುಕೊರತೆ ಸಮಿತಿಗೆ, ಆಮೇಲೆ ಯುಜಿಸಿಯ ಇ-ಸಮಾಧಾನ್ ಜಾಲತಾಣದಲ್ಲಿ ದೂರು ಕೊಡಿ.